ಒಂದು ಗಂಟೆ ಹತ್ತು ನಿಮಿಷ

ಬೀಗ ತೆಗೆದವಳು ಹೊಸ್ತಿಲಲ್ಲೇ ನಿಂತಳು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಈ ಮನೆಗೆ ಬಂದ ದಿನದಿಂದ ಅದು ಮೂರೂ ನಲವತ್ತಕ್ಕೇ ನಿಂತಿತ್ತು. ಹೊಸ ಸೆಲ್ ಹಾಕಿದರೂ ಅಲುಗಿರಲಿಲ್ಲ. ಈಗ ಏಳೂವರೆ ತೋರಿಸುತ್ತಿತ್ತು. ಮೊಬೈಲ್ ತೆಗೆದು ನೋಡಿದಳು. ಅದರಲ್ಲೂ ಏಳೂವರೆಯೇ.

ಯಾರೋ ಒಳಗೆ ಬಂದು ಹೋಗುತ್ತಿದ್ದಾರೆ. ಹೋದ ವಾರ ಕುರ್ಚಿ ಕಿಟಕಿಯ ಬಳಿಗೆ ಸರಿದಿತ್ತು. ಸೋಮವಾರ ಕಿರುಗುಟ್ಟುವ ಚಿಲಕಕ್ಕೆ ಎಣ್ಣೆ ಬಿದ್ದಿತ್ತು. ಕಳುವಾದದ್ದು ಮಾತ್ರ ಒಂದು ಸೂಜಿಯೂ ಇಲ್ಲ. ಕದಿಯುವ ಕಳ್ಳರ ವಿಷಯ ಅವಳು ಕೇಳಿದ್ದಳು, ರಿಪೇರಿ ಮಾಡಿ ಹೋಗುವ ಕಳ್ಳರ ವಿಷಯ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ಊರವರ ಮೂಳೆಯ ಬಿರುಕು ಕಂಡುಹಿಡಿಯುವ ತನಗೆ ಸ್ವಂತ ಮನೆಯೊಳಗೆ ನಡೆಯುವುದು ಕಾಣುತ್ತಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಹೆದರಿಕೆಯೂ ಆಯಿತು.

ಎರಡು ತಿಂಗಳ ಹಿಂದೆ ಅವಳ ಮುಂದೆ ಎರಡು ಮನೆಗಳಿದ್ದವು. ಒಂದು ಆಸ್ಪತ್ರೆಗೆ ಹತ್ತೇ ನಿಮಿಷ, ಆದರೆ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಇನ್ನೊಂದು ಈ ಮಹಡಿ ಮನೆ. ಎರಡು ಬಸ್ಸು, ಒಂದು ಗಂಟೆ ಹತ್ತು ನಿಮಿಷ. ಕಿಟಕಿ ತೆರೆದರೆ ಆಕಾಶ. “ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಯೋಚನೆ ಮಾಡು,” ಎಂದಿದ್ದ ಅಣ್ಣ. ಹಾಸ್ಟೆಲಿನಲ್ಲಿ ನಾಲ್ಕು ಮಂಚಗಳ ನಡುವೆ ಆರು ವರ್ಷ ಕಳೆದವಳಿಗೆ ಆ ಆಕಾಶ ಬೇಕೇ ಬೇಕಿತ್ತು.

ಕೆಳಗಿನ ಮನೆಯಲ್ಲಿರುವ ಒಡತಿ ಅಂದು ಸಂಬಳ ಕೇಳಲಿಲ್ಲ, ಊರು ಕೇಳಲಿಲ್ಲ. ಕೇಳಿದ್ದೆಲ್ಲ ಹೊತ್ತು.

“ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡ್ತೀರಾ?”

“ಏಳಕ್ಕೆ. ಬರೋದು ಏಳೂವರೆ ಆಗತ್ತೆ.”

“ಮಧ್ಯಾಹ್ನ ಊಟಕ್ಕೆ?”

“ಅಷ್ಟು ದೂರದಿಂದ ಎಲ್ಲಿ ಬರೋಕಾಗತ್ತೆ, ಆಂಟಿ?”

“ರಜೆ ಭಾನುವಾರ ಒಂದೇ ತಾನೆ?”

ಹೌದು ಎನ್ನುತ್ತಲೇ ಒಡತಿಯ ಮುಖ ಅರಳಿತ್ತು. ನಿಂತ ಕಾಲಲ್ಲೇ ಕೀ ಕೊಟ್ಟಿದ್ದಳು. “ಪುಣ್ಯ ಮಾಡಿದ್ರಿ, ಮೇಡಂ,” ಎಂದಿದ್ದ ಬ್ರೋಕರ್. “ಪಕ್ಕದ ಬೀದಿ ಬ್ಯಾಂಕಿನವರು ಜಾಸ್ತಿ ಬಾಡಿಗೆ ಕೊಡ್ತೀವಿ ಅಂದ್ರೂ ಒಪ್ಪಲಿಲ್ಲ ಈಯಮ್ಮ.”

ಏಕೆ ಒಪ್ಪಲಿಲ್ಲ ಎಂಬುದು ಈಗ ಅವಳಿಗೆ ಹೊಳೆಯಿತು. ಮನೆಯ ಇನ್ನೊಂದು ಕೀ ಇರುವುದು ಒಡತಿಯ ಬಳಿಯೇ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಕೆಳಗಿಳಿದು ಕೇಳಿಯೇಬಿಟ್ಟಳು. “ಆಂಟಿ, ಹಗಲು ಹೊತ್ತು ಯಾರಾದ್ರೂ ಮೇಲೆ ಬಂದಿದ್ರಾ?”

“ಯಾರು ಬರ್ತಾರಮ್ಮ? ನಮ್ಮನೆಯವರು ಎಂಟಕ್ಕೆ ಡಬ್ಬಿ ಹಿಡ್ಕೊಂಡು ಹೋದ್ರೆ ಬರೋದು ಆರಕ್ಕೆ. ಪಾಪ, ಅವರಿಗೂ ನಿಮ್ಮ ಹಾಗೇ ಎರಡು ಬಸ್ಸು.” ಒಡತಿ ಅವಳ ಮುಖ ನೋಡಿದಳು. “ನಾಳೆ ನೀವು ಎಂದಿನ ಹಾಗೇ ಹೊರಡ್ತೀರಿ ತಾನೆ? ರಜೆ ಗಿಜೆ ಏನೂ ಹಾಕಿಲ್ವಲ್ಲ?”

ಇನ್ನೇನು ಸಾಕ್ಷಿ ಬೇಕು? ಅಣ್ಣನಿಗೆ ಫೋನು ಮಾಡಿದಳು. ಗೋಡೆ ಕಾಣುವ ಮನೆ ಇನ್ನೂ ಖಾಲಿಯಿತ್ತು. ನಾಳೆ ಮಧ್ಯಾಹ್ನದೊಳಗೆ ಹೂಂ ಅನ್ನಬೇಕಂತೆ.

“ಈಗಲೇ ಹೂಂ ಅನ್ನು,” ಎಂದ ಅಣ್ಣ.

“ಮೊದಲು ಕೈಯಾರೆ ಹಿಡೀತೀನಿ. ಆಮೇಲೆ ಹೋಗ್ತೀನಿ.”

ಮರುದಿನ ಏಳಕ್ಕೆ ಹೊರಟು ಮೂರನೇ ಸ್ಟಾಪಿನಲ್ಲಿ ಇಳಿದಳು. ಹತ್ತು ಗಂಟೆಗೆ ವಾಪಸ್ಸು ಬಂದಳು. ಒಡತಿ ಮುಂದಿನ ಅಂಗಳದಲ್ಲಿ, ಮನೆಗೆ ಬೆನ್ನು ಮಾಡಿ ಬಟ್ಟೆ ಒಣಹಾಕುತ್ತಿದ್ದಳು. ಒಳ್ಳೆಯದೇ ಆಯಿತೆಂದು ಇವಳು ಗಲ್ಲಿಯ ಕಡೆಯ ಹಿಂದಿನ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಬೀಗವಿರಲಿಲ್ಲ. ಒಡತಿ ಕೆಳಗಿದ್ದಾಳೆ. ಹಾಗಾದರೆ ಒಳಗೆ ಯಾರು? ಬಾಗಿಲು ನೂಕಿದಳು.

ಕಿಟಕಿಯ ಬೆಳಕಿನಲ್ಲಿ, ಅವಳ ಕುರ್ಚಿಯಲ್ಲಿ, ಒಡತಿಯ ಗಂಡ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಒಂದು ಕಣ್ಣಿಗೆ ಭೂತಗನ್ನಡಿ. ಬಿಳಿ ಬಟ್ಟೆಯ ಮೇಲೆ ಬಿಚ್ಚಿಟ್ಟ ಕೈಗಡಿಯಾರ, ಪಕ್ಕದಲ್ಲಿ ಊಟದ ಡಬ್ಬಿ. ಅವಳನ್ನು ಕಂಡು ಧಡಕ್ಕನೆ ಎದ್ದರು. ಭೂತಗನ್ನಡಿ ನೆಲಕ್ಕೆ ಬಿತ್ತು.

“ನಾನಿದ್ದ ವಾಚ್ ಅಂಗಡಿ ಮುಚ್ಚಿ ಮೂರು ವರ್ಷ ಆಯ್ತಮ್ಮ,” ಎಂದರು. “ನಮ್ಮವಳಿಗೆ ಹೇಳೋಕೆ ಬಾಯಿ ಬರಲಿಲ್ಲ. ಹಳೇ ಗಿರಾಕಿಗಳ ವಾಚು ತಂದು ರಿಪೇರಿ ಮಾಡ್ತೀನಿ, ಬಂದಿದ್ದನ್ನ ಸಂಬಳ ಅಂತ ಕೊಡ್ತೀನಿ. ಮೂರು ಬೀದಿ ಸುತ್ತಿ, ಹಿಂದಿನಿಂದ ಬರ್ತೀನಿ. ಕೀ ಅಡುಗೆಮನೆ ಮೊಳೆಗೆ ನೇತಾಡ್ತಾ ಇತ್ತು… ತಪ್ಪಾಯ್ತು. ಈ ಕುರ್ಚಿ, ಚಿಲಕ ಬಿಟ್ರೆ ನಿಮ್ಮ ವಸ್ತು ಒಂದನ್ನೂ ಮುಟ್ಟಿಲ್ಲ. ಗಡಿಯಾರ ಮಾತ್ರ, ನಿಂತಿದ್ದನ್ನ ನೋಡ್ತಾ ಕೂರೋಕೆ ಆಗಲಿಲ್ಲ. ಅವಳಿಗೆ ಮಾತ್ರ ಹೇಳಬೇಡಿ.”

ಅಯ್ಯೋ ಪಾಪ ಎನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಪಾಪ ಎಂದುಕೊಂಡು ಮನೆಯ ಕೀಯನ್ನು ಯಾರಾದರೂ ಹಂಚಿಕೊಳ್ಳುತ್ತಾರೆಯೇ? ಕೆಳಗಿಳಿದಳು. ಕೈಚೀಲದಲ್ಲಿ ಅಣ್ಣನ ಫೋನು ಹೊಡೆದುಕೊಳ್ಳುತ್ತಿತ್ತು. ಹೇಳದೆ ಹೋಗುವುದು, ಅಷ್ಟೇ. ಮುದುಕರ ಗುಟ್ಟು ಅವರ ಬಳಿಯೇ ಇರಲಿ.

“ಆಂಟಿ, ನಾನು ಮನೆ ಬಿಡ್ತಿದ್ದೀನಿ. ಆಸ್ಪತ್ರೆ ಹತ್ತಿರಾನೇ ಒಂದು ಮನೆ ಸಿಕ್ಕಿದೆ. ಓಡಾಟ ಜಾಸ್ತಿ ಆಯ್ತು.”

ಒಡತಿ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಮಹಡಿಯ ಕಿಟಕಿಯತ್ತ ಒಮ್ಮೆ ನೋಡಿ, ಅವಳ ಕೈ ಹಿಡಿದು ಗೋಡೆಯ ಮರೆಗೆ ಎಳೆದುಕೊಂಡಳು.

“ಮೆಲ್ಲಗೆ ಮಾತಾಡಮ್ಮ, ಅವರಿಗೆ ಕೇಳಿಸತ್ತೆ,” ಎಂದಳು. “ಮೇಲಿನ ಮನೆ ಕೀನ ಅವರ ಕೈಗೆ ಸಿಗೋ ಹಾಗೆ ಅಡುಗೆಮನೆ ಮೊಳೆಗೆ ಹಾಕಿದ್ದು ನಾನೇ, ತಪ್ಪು ನನ್ನದು. ನಿಮಗಿಂತ ಮೊದಲು ಮೇಲಿದ್ದೋರ ಆಫೀಸು ಹತ್ತೇ ನಿಮಿಷ, ಮಧ್ಯಾಹ್ನ ಊಟಕ್ಕೆ ಮನೆಗೇ ಬರೋರು. ಪಾಪ, ನಮ್ಮನೆಯವರು ಮೂರು ಬೇಸಿಗೆ ಪಾರ್ಕಿನ ಬೆಂಚಿನ ಮೇಲೆ ಕೂತು ಕೆಲಸಕ್ಕೆ ಹೋಗಿ ಬಂದ್ರು.”