ಬೊಳ್ಳಮ್ಮನ ಕಾಮಾಲೆ ಮದ್ದು

ವಿರಾಜಪೇಟೆಯಿಂದ ತಂದ ಆಡಿನ ಲಿವರ್ ಹಿಡಿದು ಕುಶಾಲಪ್ಪ ಅಡುಗೆಮನೆಗೆ ನುಗ್ಗುವಾಗ ತಾಯಿ ಬೊಳ್ಳಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಕಾಮಾಲೆಯವಳು ಮಲಗಿರುವ ಮನೆಗೆ ಮಾಂಸವಾ? ಹೊರಗೆ ಬಿಸಾಡು."

"ಯಮುನಂಗೆ ಕಾಮಾಲೆ ಅಲ್ಲ ಅವ್ವ. ಹೊಟ್ಟೆಗೆ ಬೇಕಾದ್ದು ಬೀಳದೆ ಒಳಗೆ ರಕ್ತ ಹುಟ್ಟುದೇ ನಿಂತುಟು, ಅದಕ್ಕೇ ಮೈ ಹಳದಿ ಅಂದ್ರು ಸರ್ಕಾರಿ ಡಾಕ್ಟ್ರು. ದಿನಾ ಲಿವರ್, ಸೊಪ್ಪು ಕೊಡಿ, ಇಲ್ಲದಿದ್ರೆ ಈ ತಿಂಗಳು ದಾಟುದಿಲ್ಲೆ ಅಂದ್ರು."

"ಕೊಡಗಿನ ಹೊಸ ಸರ್ಕಾರ ಬಂದದ್ದು ಮಡಿಕೇರಿಗೆ. ನನ್ನ ಅಡುಗೆಮನೆಗಲ್ಲ."

ಕಕ್ಕಬೆಯ ಸುತ್ತಮುತ್ತ ಯಾರ ಕಣ್ಣು ಹಳದಿಯಾದರೂ ಬೊಳ್ಳಮ್ಮನ ಜಗಲಿಗೆ ಬರುತ್ತಿದ್ದರು. ಆಕೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದಳು. ಜೊತೆಗೆ ಪಥ್ಯ: ಗಂಜಿಯೊಂದು ಬಿಟ್ಟು ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನು ಮಾಂಸವಂತೂ ಇಲ್ಲವೇ ಇಲ್ಲ. ಗುಣವಾದವರು ಕೋಳಿ ತಂದು ಕಾಲಿಗೆ ಬೀಳುತ್ತಿದ್ದರು. ಒಬ್ಬರಿಗೂ ತನ್ನ ಮದ್ದು ತಪ್ಪಿಲ್ಲವೆಂಬುದು ಆಕೆಯ ಹೆಮ್ಮೆ.

ಸೊಸೆ ಯಮುನಳಿಗೆ ಹೆರಿಗೆಯಾದ ಮೇಲೆ ಮೂರು ತಿಂಗಳು ಬಾಣಂತಿ ಪಥ್ಯ, ಬರೀ ಅನ್ನ ಮತ್ತು ಕರಿಮೆಣಸಿನ ಸಾರು. ಮೈ ಹಳದಿಗೆ ತಿರುಗಿದ್ದೇ ತಡ, ಕಾಮಾಲೆಯೆಂದು ಇನ್ನೆರಡು ತಿಂಗಳು ಗಂಜಿ, ಮಜ್ಜಿಗೆ. ನಾಲಿಗೆ ಕೆಂಪಗೆ ಉರಿದು, ಅಂಗಳ ದಾಟಲೂ ಏದುಸಿರು ಬಂದಾಗ ಬೊಳ್ಳಮ್ಮ ಮದ್ದನ್ನು ಅನುಮಾನಿಸಲಿಲ್ಲ, ಸೊಸೆಯನ್ನು ಅನುಮಾನಿಸಿದಳು. ಮೀನು ಕದ್ದು ತಿನ್ನುತ್ತಿರಬೇಕೆಂದು ದಿನಾ ಅವಳ ಕೈ ಮೂಸಿ ನೋಡಿದಳು. ಐದು ತಿಂಗಳ ಕೂಸಿಗೆ ಹಾಲೂಡಿಸುವವಳ ಕೈಯನ್ನು. ಕುಶಾಲಪ್ಪ ಅದನ್ನೂ ನೋಡಿಕೊಂಡೇ ಊಟ ಮಾಡಿ ಎದ್ದು ಹೋಗುತ್ತಿದ್ದ. ಗಂಡಸಿಗೆ ಸಿಟ್ಟು ಬರಲು ಡಾಕ್ಟರೇ ಬೈಯಬೇಕಾಯಿತು.

ಇವತ್ತು ಸಿಟ್ಟು ಬಂದಿತ್ತು. ತಾಯಿಯನ್ನು ಸರಿಸಿ ಒಳಗೆ ಹೋದ. ತಾನೇ ಕತ್ತರಿಸಿ, ಉಪ್ಪು ಮೆಣಸು ಹಾಕಿ ಹುರಿದ. ಅರ್ಧ ಸೀದಿತ್ತು. ತಟ್ಟೆಯನ್ನು ಹೆಂಡತಿಯ ಮಡಿಲಲ್ಲಿಟ್ಟ.

ಬೊಳ್ಳಮ್ಮ ಹಿಂದೆಯೇ ಬಂದು ತಟ್ಟೆಯ ಅಂಚು ಹಿಡಿದಳು.

"ಇದ್ ತಿಂದು ನೀ ಎದ್ದು ಓಡಾಡಿದ್ರೆ ನಾಳೆ ಊರವು ಎಂಥ ಹೇಳುವೊ? ಬೊಳ್ಳಮ್ಮ ಮನೆ ಸೊಸೆಗೇ ಮದ್ದು ತಾಗಿಲ್ಲೆ ಅಂತ ನಗಾಡುದಿಲ್ಲವಾ?"

ಯಮುನ ತಲೆಯೆತ್ತಿದಳು. ಐದು ತಿಂಗಳಲ್ಲಿ ಅತ್ತೆಗೆ ಒಂದು ಮಾತೂ ಎದುರಾಡದವಳು.

"ನಿಮ್ಮ ಮದ್ದಲ್ಲೇ ಗುಣ ಆತ್ ಅಂತ ಊರಿಗೆಲ್ಲ ನಾನೇ ಹೇಳ್ತೇನೆ ಅತ್ತೆ. ಈಗ ತಟ್ಟೆ ಬಿಡಿ."