ಫ್ಯಾನಿನ ಸ್ವಿಚ್ಚು

"ಆಪರೇಷನ್ ಬೇಡ ಕಣೆ, ಹಾರ್ಮೋನ್ ಇಂಜೆಕ್ಷನ್ನೇ ಸಾಕು," ಎಂದ, ಗಿರಾಕಿಗಳನ್ನೆಲ್ಲ ಕೇಳಿ ತೀರ್ಮಾನಿಸಿಕೊಂಡು ಬಂದಿದ್ದ ಟೈಲರ್. "ಪ್ರಾಸ್ಟೇಟ್ ಕ್ಯಾನ್ಸರಿಗೆ ಎರಡರಲ್ಲಿ ಯಾವುದಾದ್ರೂ ಆಗುತ್ತೆ ಅಂದಿದ್ದಾರಲ್ಲ ಡಾಕ್ಟ್ರು. ಇಂಜೆಕ್ಷನ್ನಿಗೆ ಮೈ ಬಿಸಿಯೇರಿ ಬೆವರುತ್ತಂತೆ, ಅಷ್ಟೇ."

"ಊರವರ ಬಟ್ಟೆಗೆಲ್ಲ ಕತ್ತರಿ ಹಾಕೋರು, ನಿಮ್ಮ ಮೈಗೆ ಅಂದ್ರೆ ಜೀವ ಬಾಯಿಗೆ ಬರುತ್ತಾ?" ಹೆಂಡತಿ ರೇಗಿದಳು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಗಂಡನ ಕೈ ಎಂದಿನಂತೆ ಫ್ಯಾನ್ ಆರಿಸಲು ಸ್ವಿಚ್ಚಿಗೆ ಹೋಗಿತ್ತು.

ಅಷ್ಟೇ ಅಂತೆ! ಮುಟ್ಟು ನಿಲ್ಲುವ ಕಾಲದಲ್ಲಿ ಅವಳ ಮೈ ಕೆಂಡವಾದಾಗಲೆಲ್ಲ, "ಏನು ನಾಟಕನೇ ನಿಂದು, ನಂಗೆ ಚಳಿ" ಎಂದು ಫ್ಯಾನ್ ಆರಿಸಿದ್ದು ಇದೇ ಕೈ.

"ಆ ಬಿಸಿ ಎಂಥದ್ದು ಅಂತ ಗಿರಾಕಿಗಳಿಗೇನ್ರೀ ಗೊತ್ತು? ನನ್ನ ಕೇಳಿ!"

ಸ್ವಿಚ್ಚಿನ ಮೇಲೆ ಕೈ ಹಾಗೇ ನಿಂತಿತು. ಆಮೇಲೆ ಟೈಲರ್ ಫ್ಯಾನನ್ನು ಪೂರ್ತಿ ಜೋರು ಮಾಡಿ, ಅವಳೆದುರು ಕುರ್ಚಿ ಎಳೆದುಕೊಂಡು ಕೂತ.

"ಹೇಳೇ. ಹೇಗಿರುತ್ತೆ?"