ಕಾಡಿಗೆ ಬೊಟ್ಟು

"ಇನ್ನಷ್ಟು ಕೆರೀಪಾ. ಕಾರಿನಿಂದ ಇಳಿದ ಕೂಡಲೇ ಕಣ್ಣಿಗೆ ಬೀಳಬೇಕು."

ಬೆಂಗೇರಿ ಕಡೆಯ ಹೊಸ ಅಂಡರ್‌ಪಾಸಿನ ರೇಲಿಂಗಿಗೆ ಮೊನ್ನೆಯಷ್ಟೇ ಬಳಿದಿದ್ದ ಹಳದಿ ಬಣ್ಣವನ್ನು ಪೇಂಟರ್ ಕೆರೆದು ತೆಗೆಯುತ್ತಿದ್ದ. ಪಕ್ಕದಲ್ಲಿ ನಿಂತು ಕೆರೆಸುತ್ತಿದ್ದವರು ಪ್ರಾಜೆಕ್ಟ್ ಮ್ಯಾನೇಜರ್ ರಾಜಶೇಖರ ಸಾಹೇಬರು. ಸೈಟ್ ಎಂಜಿನಿಯರ್ ದಾಕ್ಷಾಯಿಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಛಲೋ ಇದ್ದ ಬಣ್ಣ ಯಾಕ ಕೆಡಸಾಕತ್ತೀರಿ ಸರ್?"

"ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಯಾಕ ಇಡತಾರ, ಹೇಳು? ಮಂದಿ ನದರು ಅಲ್ಲೇ ಬೀಳ್ಲಿ ಅಂತ. ನಾಳೆ ರಿವ್ಯೂಕ್ಕ ಬರವ್ರಿಗೆ ಎಲ್ಲಾ ಸರಿ ಕಂಡ್ರ ಸಂಶೇ ಬರತೈತಿ. ಒಂದು ತಪ್ಪು ನಾವ ಕೈಯಾಗ ಕೊಟ್ವಿ ಅಂದ್ರ ಖುಷೀಲೆ ಬರಕೊಂಡು ಹೋಗತಾರ."

ನಾಳೆ ಸ್ವತಂತ್ರ ಪರಿಶೀಲನೆ. ಹೊರಗಿನ ತಜ್ಞರೊಬ್ಬರು ಬಂದು, ನೋಡಿ, ಎಲ್ಲ ಭದ್ರವಾಗಿದೆ ಎಂದು ಸಹಿ ಹಾಕಿದರೆ ಸಾಹೇಬರ ಬಡ್ತಿ ಗಟ್ಟಿ. ಅದಕ್ಕೇ ಹದಿನೈದು ದಿನದಿಂದ ಸೈಟ್ ಆಫೀಸು ಟ್ಯೂಷನ್ ಕ್ಲಾಸಾಗಿತ್ತು. ಎಂಬತ್ತನಾಲ್ಕು ಪ್ರಶ್ನೆ, ಎಂಬತ್ತನಾಲ್ಕು ಉತ್ತರ, ಎಲ್ಲರ ಕೈಗೂ ಒಂದೊಂದು ಝೆರಾಕ್ಸ್. ಪಂಪು ನೋಡಿಕೊಳ್ಳುವ ಸೋಮಪ್ಪನ ಪಾಲಿಗೆ ಬಂದದ್ದು "ಎರಡೂ ಪಂಪುಗಳು ಸುಸ್ಥಿತಿಯಲ್ಲಿ ಕಾರ್ಯನಿರ್ವಹಿಸುತ್ತಿವೆ" ಎಂಬ ಉತ್ತರ. ಪಾಪ, ಅವನ ನಾಲಿಗೆ ದಿನಾ 'ಕಾರ್ಯನಿ'ಗೆ ಬಂದು ನಿಂತುಬಿಡುತ್ತಿತ್ತು.

"ಸಾಹೇಬ್ರ, ಒಂದು ಸುಟ್ಟೈತೆಲ್ರಿ?" ಎಂದು ಕೊನೆಗೊಮ್ಮೆ ಕೇಳಿಯೇಬಿಟ್ಟ.

"ಸುಟ್ಟಿದ್ದು ಪ್ರಶ್ನೆಪತ್ರಿಕಿಯೊಳಗಿಲ್ಲ. ನೀ ಬಾಯಿಪಾಠ ಮಾಡು."

ಸುಟ್ಟದ್ದು ಖರೆ. ಹೋದ ತಿಂಗಳು ದಾಕ್ಷಾಯಿಣಿ ಟ್ಯಾಂಕರ್ ತರಿಸಿ, ಅಂಡರ್‌ಪಾಸಿಗೆ ನೀರು ಬಿಟ್ಟು ಪರೀಕ್ಷೆ ಮಾಡಿದ್ದಳು. ಒಂದು ಪಂಪು ಹೊಗೆಯಾಡಿ ಕೆಟ್ಟಿತು. ಇನ್ನೊಂದು ನೀರನ್ನೇನೋ ಮೇಲಕ್ಕೆತ್ತಿತು. ಆದರೆ ಮೇಲಿನ ಗಟಾರವನ್ನು ಮುಂದಿನ ನಾಲಾಕ್ಕೆ ಕೂಡಿಸಿರಲೇ ಇಲ್ಲ, ಎತ್ತಿದ ನೀರೆಲ್ಲ ತಿರುಗಿ ಕೆಳಗೇ ಬಂತು. ಜೋರು ಮಳೆ ಬಂದರೆ ಅರ್ಧ ತಾಸಿನಲ್ಲಿ ಎದೆಮಟ್ಟ ನೀರು ನಿಲ್ಲುತ್ತದೆಂದು ಅವಳು ಸಾಹೇಬರಿಗೆ ಮೂರು ಸಲ ಬರೆದು ಕೊಟ್ಟಿದ್ದಳು. ರಿಬ್ಬನ್ ಕತ್ತರಿಸಿ ವಾಹನ ಬಿಟ್ಟದ್ದು ಮಾರ್ಚಿನಲ್ಲಿ, ಅಲ್ಲಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಅವಳ ನೌಕರಿಯೂ ವರ್ಷದ ಕಾಂಟ್ರ್ಯಾಕ್ಟಿನದು, ಅದನ್ನು ಮುಂದುವರಿಸುವ ಕಾಗದ ಸಾಹೇಬರ ಮೇಜಿನ ಮೇಲೇ ಇತ್ತು.

ಮರುದಿನ ಪಂಢರಿನಾಥರಾಯರು ಬಂದರು. ಮೂವತ್ತೈದು ವರ್ಷ ಸರಕಾರಿ ಎಂಜಿನಿಯರಾಗಿ ನಿವೃತ್ತರಾದವರು. ಕಾರಿನಿಂದ ಇಳಿದವರೇ ನೆಟ್ಟಗೆ ರೇಲಿಂಗಿನ ಹತ್ತಿರ ಹೋದರು. ಉಗುರಿನಿಂದ ಬಣ್ಣ ಕೆದರಿದರು, ನಾಲ್ಕು ಕಡೆಯಿಂದ ಫೋಟೋ ತೆಗೆದರು, ಯಾವ ಕಂಪನಿಯ ಪೇಂಟು, ಎಷ್ಟು ಕೋಟು ಎಂದು ತಾಸುಗಟ್ಟಲೆ ವಿಚಾರಿಸಿದರು. ಸಾಹೇಬರು ತಲೆ ತಗ್ಗಿಸಿ "ತಪ್ಪಾಗೇತ್ರಿ ರಾಯರ" ಎಂದು ಒಪ್ಪಿಕೊಂಡ ಚಂದ ನೋಡಬೇಕಿತ್ತು.

ಪಂಪಿನ ಹತ್ತಿರ ಬಂದಾಗ ಸೋಮಪ್ಪ ಬಾಯಿ ತೆರೆದ, 'ಕಾರ್ಯನಿ'ಗೆ ಬಂದು ನಿಂತ. ದಾಕ್ಷಾಯಿಣಿಗೆ ಇನ್ನು ತಡೆಯಲಾಗಲಿಲ್ಲ.

"ಒಂದು ಸುಟ್ಟೈತ್ರಿ ಸರ್. ಇನ್ನೊಂದು ಎತ್ತಿದ ನೀರು ತಿರುಗಿ ಇಲ್ಲೇ ಬರತೈತಿ. ಮಳಿ ಹಿಡೀತಂದ್ರ ಇದರಾಗ ಮಂದಿ ಮುಳುಗತಾರ್ರಿ."

ಸಾಹೇಬರ ಮುಖ ಬಿಳಿಚಿತು. ರಾಯರು ಕಣ್ಣಿನ ಚಾಳೀಸು ತೆಗೆದು ಗಾಜು ಒರೆಸಿಕೊಂಡರು. "ಛಲೋ ಹೇಳಿದಿ ತಂಗಿ, ಇಷ್ಟು ಪ್ರಾಮಾಣಿಕ ಟೀಮ್ ನಾ ನೋಡಿಲ್ಲ" ಎಂದು ಬೆನ್ನು ತಟ್ಟುವ ದನಿಯಲ್ಲಿ ಹೇಳಿ, ವರದಿಯಲ್ಲಿ ಬರೆದರು: ಪಂಪು, ಸುಧಾರಣೆಗೆ ಅವಕಾಶವಿದೆ. ರೇಲಿಂಗಿನ ಬಗ್ಗೆ ಮಾತ್ರ ಒಂದೂವರೆ ಪುಟ. ಕೊನೆಗೆ, ಒಟ್ಟಾರೆ ಭದ್ರವಾಗಿದೆ ಎಂದು ಸಹಿ ಬಿತ್ತು. ಗಿರಮಿಟ್ಟು, ಮಿರ್ಚಿ, ಚಹಾ ಎಲ್ಲ ಆಯಿತು. ದಾಕ್ಷಾಯಿಣಿ ಒಂದು ಮಿರ್ಚಿಯನ್ನೂ ಮುಟ್ಟಲಿಲ್ಲ.

ರಾಯರು ಹೊರಡುವ ಹೊತ್ತಿಗೆ ಮೋಡ ಕವಿದು ದಪ್ಪ ದಪ್ಪ ಹನಿ ಬೀಳತೊಡಗಿತು. ಸಾಹೇಬರು ಛತ್ರಿ ಹಿಡಿದು ಅವರನ್ನು ಕಾರಿನವರೆಗೆ ಕಳಿಸಲು ಹೋದರು, ಹಿಂದೆಯೇ ದಾಕ್ಷಾಯಿಣಿಯೂ ಹೋದಳು. ಅತಿಥಿಯನ್ನು ಹಾಗೇ ಕಳಿಸುವ ಪೈಕಿ ಅಲ್ಲ ಅವರು. ಬಾಗಿಲು ಹಾಕುತ್ತ ಕಾಳಜಿಯಿಂದ ಹೇಳಿದರು:

"ಮಳಿ ಹತ್ತೇತ್ರಿ ರಾಯರ. ಕೆಳಗಿಂದ ಬ್ಯಾಡ, ಸುತ್ತ ಹಾಕ್ಕೊಂಡು ಹೋಗ್ರಿ."

ಅಂದವರೇ ನಾಲಿಗೆ ಕಚ್ಚಿಕೊಂಡರು. ರಾಯರು ಮಾತ್ರ ನಕ್ಕರು.

"ಗೊತ್ತದಪಾ ರಾಜಶೇಖರ. ಬರೋವಾಗೂ ಸುತ್ತ ಹಾಕೇ ಬಂದೀನಿ."

ಕಾರು ಹೋಯಿತು. ದಾಕ್ಷಾಯಿಣಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಅವಳು ಮಳೆಯಲ್ಲೇ ಹೋಗಿ, ಗೋಡೆಗೆ ಒರಗಿಸಿದ್ದ ಕಬ್ಬಿಣದ ಬ್ಯಾರಿಕೇಡನ್ನು ದರದರ ಎಳೆದು ಅಂಡರ್‌ಪಾಸಿನ ಬಾಯಿಗೆ ಅಡ್ಡ ನಿಲ್ಲಿಸಿದಳು. ಸೋಮಪ್ಪ ಆಚೆ ಬದಿಗೆ ಇನ್ನೊಂದನ್ನು ಎಳೆದುಕೊಂಡು ಹೋದ. ಹಾರ್ನು ಶುರುವಾಯಿತು. ಬೈಕಿನವನೊಬ್ಬ ಬಾಯಿಗೆ ಬಂದಂತೆ ಬೈದ.

ಸಾಹೇಬರು ಛತ್ರಿ ಸಮೇತ ಓಡಿ ಬಂದರು. "ಈಗರೆ ಭದ್ರ ಐತಿ ಅಂತ ಸಹಿ ಬಿದ್ದೈತಿ! ಯಾರ ಆರ್ಡರ್ ಮ್ಯಾಲೆ ಬಂದ್ ಮಾಡಾಕತ್ತಿ?"

"ನಿಮ್ದ ಸರ್," ಎಂದಳು ದಾಕ್ಷಾಯಿಣಿ, ಮುಖದ ಮೇಲಿನ ನೀರು ಒರೆಸಿಕೊಳ್ಳುತ್ತ. "ಸುತ್ತ ಹಾಕ್ಕೊಂಡು ಹೋಗ್ರಿ ಅಂತ ರಾಯರಿಗೆ ನೀವ ಹೇಳಿದ್ರಿ. ನಾ ಉಳದವ್ರಿಗೆ ಹೇಳಾಕತ್ತೇನಿ, ಅಷ್ಟ."